ಅಳತೆಗೋಲಿನ ಅಳತೆ

ತೆಂಗಿನ ತೋಟದೊಳಗೆ ಜಿಪಿಎಸ್ ಉಪಕರಣಕ್ಕೆ ಕಣ್ಣು ಕಟ್ಟಿದಂತಾಗುತ್ತದೆ. ಗರಿಗಳ ಮರೆಯಲ್ಲಿ ಉಪಗ್ರಹಗಳ ಸಂಕೇತ ಸರಿಯಾಗಿ ಇಳಿಯದು. ಆದುದರಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಮೋಜಣಿಗೆ ಬಂದವರು ಬಯಲನ್ನರಸಿ, ನೆಲೆ ಗೊತ್ತಿರುವ ಕಲ್ಲಿನ ಮೇಲೆ ಮುಕ್ಕಾಲಿಯನ್ನೂರಿ, ಮೊದಲು ಉಪಕರಣವನ್ನೇ ಒರೆಗೆ ಹಚ್ಚಬೇಕಾಗುತ್ತದೆ.

ಈ ಶಿಸ್ತು ಮೈಸೂರು ಸೀಮೆಗೆ ಹೊಸದಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಆಧಾರರೇಖೆಯೊಂದನ್ನು ಅಳೆದನು. ಸಾಧನವೆಂದರೆ ನೂರು ಅಡಿಯ ಉಕ್ಕಿನ ಸರಪಳಿ. ಚೀನಾದ ಚಕ್ರವರ್ತಿಗೆಂದು ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವಾಗಿ ಹಿಂದಿರುಗಿದ ಸರಪಳಿಯಿದು! ಬಿಸಿಲಿಗೆ ಉಕ್ಕು ಹಿಗ್ಗುವುದಷ್ಟೆ. ಅದಕ್ಕಾಗಿ ಮರದ ಪೆಟ್ಟಿಗೆಗಳಲ್ಲಿ ಸರಪಳಿಯನ್ನು ಹಾಸಿ, ಜೊತೆಗೆ ಉಷ್ಣಮಾಪಕಗಳನ್ನಿಟ್ಟು ಲೆಕ್ಕ ತಿದ್ದುತ್ತಿದ್ದರು. 1802ರಲ್ಲಿ ಮದರಾಸಿನಲ್ಲಿ ಅಳೆದ ಇನ್ನೊಂದು ರೇಖೆಯಿಂದ ತ್ರಿಕೋನಗಳನ್ನು ಹೆಣೆಯುತ್ತ ಬಂದು, 1804ರಲ್ಲಿ ಬೆಂಗಳೂರಿನಲ್ಲಿ ತಾಳೆ ನೋಡಿದಾಗ ಕಂಡ ವ್ಯತ್ಯಾಸ ನಾಲ್ಕು ಅಂಗುಲಕ್ಕೂ ಕಡಿಮೆ. ನನಗಂತೂ ಇದು ಯುದ್ಧದ ಗೆಲುವಿಗಿಂತ ದೊಡ್ಡದಾಗಿ ತೋರುತ್ತದೆ.

ಇಂದಿನ ತೊಡಕು ಎತ್ತರದ್ದು. ಉಪಗ್ರಹದ ಲೆಕ್ಕ ಭೂಮಿಯನ್ನು ನುಣುಪಾದ, ತುಸು ಚಪ್ಪಟೆಯ ಗೋಳವೆಂದು ಭಾವಿಸುತ್ತದೆ. ಅದು ಕೊಡುವ ಎತ್ತರ ನಮ್ಮ ಕಡೆ ಸಮುದ್ರಮಟ್ಟದಿಂದ ಅಳೆದುದಕ್ಕಿಂತ 80 ಮೀಟರಿಗೂ ಮಿಕ್ಕಿ ತಗ್ಗು. ಈ ಅಂತರವಾದರೂ ಎಲ್ಲೆಡೆ ಒಂದೇ ಸಮನಲ್ಲ. ತಿಪಟೂರು ತಾಲ್ಲೂಕನ್ನು ಹಾಯುವ ಎತ್ತಿನಹೊಳೆಯ ನಾಲೆಯೋ, 250 ಕಿಲೋಮೀಟರಿಗೂ ಮಿಕ್ಕ ದೂರ ತನ್ನ ಇಳಿಜಾರಿನಿಂದಲೇ ಹರಿಯಬೇಕಾದುದು. ಅದರ ಗುರುತುಕಲ್ಲು ಬಿದ್ದ ಸಾಲಿನಲ್ಲಿ ಫಲಕೊಡುವ ತೆಂಗು ಉರುಳುತ್ತದೆ. ಲೆಕ್ಕ ತಪ್ಪಿತೆಂದು ಅದನ್ನು ಮರಳಿ ನಿಲ್ಲಿಸಲಾಗದು. ಆಕಾಶದ ನೆರವಿದ್ದರೂ, ಹಳೆಯ ಮಟ್ಟಗಲ್ಲಿನಿಂದ ಹೆಜ್ಜೆಹೆಜ್ಜೆಗೆ ಮಟ್ಟವನ್ನು ಹೊತ್ತು ತರುವ ಕೆಲಸ ಇನ್ನೂ ಉಳಿದಿರುವುದು ಇದಕ್ಕಾಗಿ.