ಕೂಡುವ ಮಂಡಿ, ಹುಡುಕಬೇಕಾದ ಕಾರಣ

ನೆಟ್ಟಗೆ ನಿಂತಾಗ ಮಂಡಿಗಳೆರಡೂ ತಾಗಿ ಪಾದಗಳು ದೂರವೇ ಉಳಿದರೆ, ಅದಕ್ಕೆ ರಬ್ಬರ್ ಪಟ್ಟಿಯ ವ್ಯಾಯಾಮವೇ ಮದ್ದು ಎನ್ನುವವರು ಇಂದು ಬಹಳ. ಈ ತೊಂದರೆಯ ಚರಿತ್ರೆ ಹೇಳುವುದು ಬೇರೆ: ಕಾಲು ಬಾಗಿಸಿದ ಕಾರಣವನ್ನು ಹಿಡಿದಾಗಲೇ ದೊಡ್ಡ ಗೆಲುವು ಸಿಕ್ಕಿದೆ. ಫ್ರಾನ್ಸಿನ ವೈದ್ಯ ನಿಕೊಲಾ ಆಂದ್ರಿ ಮಕ್ಕಳ ಮೈಯ ಡೊಂಕು ತಿದ್ದುವ ಕುರಿತು 1741ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಗೂಟಕ್ಕೆ ಹಗ್ಗದಿಂದ ಬಿಗಿದ ಡೊಂಕು ಮರದ ಚಿತ್ರವಿದೆ. ಮರ ಏಕೆ ಬಾಗಿತೆಂದು ಆ ಚಿತ್ರ ಕೇಳುವುದಿಲ್ಲ. 19ನೇ ಶತಮಾನದ ಗ್ಲಾಸ್ಗೋದಲ್ಲಿ, ಹೊಗೆ ಕವಿದ ಇಕ್ಕಟ್ಟಿನ ಓಣಿಗಳ ಮಕ್ಕಳಿಗೆ ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗ ಬಂದು ಕಾಲು ಸೊಟ್ಟಗಾಗುತ್ತಿತ್ತು. ಶಸ್ತ್ರವೈದ್ಯ ವಿಲಿಯಂ ಮೆಕೆವೆನ್ ಮಂಡಿಯ ತುಸು ಮೇಲೆ ತೊಡೆಮೂಳೆಯನ್ನು ಉಳಿಯಿಂದ ಕಡಿದು, ನೇರವಾಗಿ ಕೂಡಿಸಿ, ಆ ವಿಧಾನವನ್ನು 1880ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ನಂಜಾಗದಂತೆ ನಡೆಸಿದ ಆ ಶಸ್ತ್ರಕ್ರಿಯೆ ಎಷ್ಟೋ ಮಕ್ಕಳನ್ನು ನೆಟ್ಟಗೆ ನಡೆಸಿತು. ಆದರೆ ಓಣಿಯ ಕತ್ತಲು ಹಾಗೇ ಇದ್ದುದರಿಂದ ಹೊಸ ಮಕ್ಕಳ ಕಾಲು ಬಾಗುತ್ತಲೇ ಇತ್ತು. 1919ರಲ್ಲಿ ಬರ್ಲಿನ್‌ನ ಕುರ್ಟ್ ಹುಲ್ಡ್‌ಶಿನ್ಸ್ಕಿ ನೇರಳಾತೀತ ಬೆಳಕಿನಿಂದ ರಿಕೆಟ್ಸ್ ಗುಣವಾಗುವುದನ್ನು ತೋರಿಸಿದರು. ಅದೇ ಕಾಲದಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್ಬಿ, ನಾಯಿಮರಿಗಳಿಗೆ ಬೇರೆ ಬೇರೆ ಆಹಾರ ಕೊಟ್ಟು, ರೋಗದ ಬೇರು ಊಟದಲ್ಲೂ ಇದೆಯೆಂದು, ಮೀನೆಣ್ಣೆ ಅದನ್ನು ತಡೆಯುತ್ತದೆಂದು ಕಂಡರು. ಬಿಸಿಲು ಮತ್ತು ಮೀನೆಣ್ಣೆ, ಉಳಿ ತಲುಪದ ಮನೆಗಳನ್ನೂ ತಲುಪಿದವು.

ನಮ್ಮ ನೆಲದಲ್ಲಿ ಕಾರಣ ನೀರಿನಲ್ಲೂ ಅಡಗಿತ್ತು. ಅಂದಿನ ಆಂಧ್ರಪ್ರದೇಶದ ಫ್ಲೋರೈಡ್ ಪೀಡಿತ ಪ್ರದೇಶದಲ್ಲಿ ಮಂಡಿ ಒಳಕ್ಕೆ ಬಾಗುವುದನ್ನೂ ಮೂಳೆ ಸವೆಯುವುದನ್ನೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1973ರಲ್ಲಿ ವರದಿ ಮಾಡಿದರು. ಪಾವಗಡದಂಥ ಕಡೆ ಕೊಳವೆಬಾವಿಯ ನೀರಿನ ಫ್ಲೋರೈಡ್ ಇಂದಿಗೂ ಚಿಂತೆಯ ವಿಷಯ. ಇಂಥ ಊರಿನ ಮಗುವಿಗೆ ಪಟ್ಟಿ ಕೊಡುವ ಮೊದಲು ಒಳ್ಳೆಯ ನೀರು ಕೊಡಬೇಕು.

ಹಾಗಾದರೆ ವ್ಯಾಯಾಮ ವ್ಯರ್ಥವೇ ಎಂದು ಕೇಳಬಹುದು. ಖಂಡಿತ ಅಲ್ಲ. ಮಂಡಿಯ ಮೇಲ್ಗಡೆ ಪಟ್ಟಿ ಸುತ್ತಿ, ಮಗ್ಗುಲಾಗಿ ಮಲಗಿ, ಪಾದ ಜೋಡಿಸಿಕೊಂಡೇ ಮೇಲಿನ ಮಂಡಿಯನ್ನು ಎತ್ತಿದರೆ ಸೊಂಟದ ಪಕ್ಕದ ಸ್ನಾಯು ಬಲಗೊಳ್ಳುತ್ತದೆ. ಕೂತೇಳುವಾಗ, ಮೆಟ್ಟಿಲಿಳಿಯುವಾಗ ಮಂಡಿ ಒಳಕ್ಕೆ ಜಾರುವುದನ್ನು ತಡೆಯಲು ಅದು ನೆರವಾಗುತ್ತದೆ. ಆದರೆ ಬಾಗಿದ ಮೂಳೆಯನ್ನು ಅದು ನೆಟ್ಟಗಾಗಿಸದು. ಪಟ್ಟಿ ಕಟ್ಟಿದ ಮಕ್ಕಳ ಕಾಲು ಸರಿಹೋಯಿತಲ್ಲ ಎಂಬ ವಾದಕ್ಕೂ ಉತ್ತರವಿದೆ: ಮೂರು ನಾಲ್ಕು ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳ ಮಂಡಿ ಒಳಬಾಗಿ, ಏಳು ವರ್ಷದ ಆಸುಪಾಸಿಗೆ ತಾನಾಗಿಯೇ ಸರಿಹೋಗುತ್ತದೆ. ಆ ಬಳಿಕವೂ ಉಳಿದರೆ, ಒಂದೇ ಕಾಲು ಬಾಗಿದರೆ, ನೋವಿದ್ದರೆ ಮೊದಲು ವೈದ್ಯರಿಗೆ ತೋರಿಸಬೇಕು. ಸ್ನಾಯುವಿನ ಕೆಲಸವನ್ನು ಪಟ್ಟಿಗೆ ಬಿಡೋಣ; ಮಕ್ಕಳ ಊಟ, ಬಿಸಿಲು, ನೀರಿನ ಹೊಣೆಯನ್ನು ಊರೇ ಹೊರಬೇಕು.