ನಿಜಾಂ ಸೀಮೆಯಲ್ಲಿ ಖಾದಿ

ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಮತ್ತು ಚಿಂಚೋಳಿ ಭಾಗಗಳು 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಆದ್ದರಿಂದ ಇಲ್ಲಿ ಖಾದಿಯ ಚರಿತ್ರೆ ಧಾರವಾಡ, ಬೆಳಗಾವಿಗಳಲ್ಲಿ ಹಿಡಿದ ಹಾದಿಯನ್ನೇ ಹಿಡಿಯಲಿಲ್ಲ. ಬ್ರಿಟಿಷ್ ಆಳ್ವಿಕೆಯ ಆ ಜಿಲ್ಲೆಗಳಲ್ಲಿ ವಿದೇಶಿ ಬಟ್ಟೆಯ ಬಹಿಷ್ಕಾರ ಆಳುವವರ ವ್ಯಾಪಾರಕ್ಕೇ ನೇರ ಪೆಟ್ಟು ಕೊಡುತ್ತಿತ್ತು. ನಿಜಾಂ ಸೀಮೆಯಲ್ಲಾದರೋ ಪ್ರಜೆಗಳ ಎದುರಿಗಿದ್ದವನು ದೇಶೀಯ ದೊರೆ, ಅವನ ಬೆನ್ನಿಗಿದ್ದುದು ಬ್ರಿಟಿಷ್ ಸಾರ್ವಭೌಮತ್ವ.

ಬಟ್ಟೆಯ ವ್ಯಾಪಾರಕ್ಕೆ ಮಾತ್ರ ಈ ಗಡಿ ಅಡ್ಡ ಬರಲಿಲ್ಲ. ಮುಂಬಯಿಯಿಂದ ಶಹಾಬಾದ್, ವಾಡಿಗಳ ಮೇಲೆ ಹಾಯ್ದ ರೈಲುಮಾರ್ಗ 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಕವಲೊಡೆದ ನಿಜಾಂ ರೈಲು ಚಿತ್ತಾಪುರ, ಸೇಡಂಗಳನ್ನು ದಾಟಿ ಸಿಕಂದರಾಬಾದಿಗೆ ಹೋಯಿತು. ಹೊಲದ ಹತ್ತಿ ಬಂದರಿಗೆ ಸಾಗಲು, ಗಿರಣಿ ಬಟ್ಟೆ ಸಂತೆಗೆ ಇಳಿಯಲು ಒಂದೇ ದಾರಿಯಾಯಿತು.

ಕೈಯಿಂದ ನೂತ ನೂಲನ್ನು ಕೈಮಗ್ಗದಲ್ಲಿ ನೇಯ್ದ ಬಟ್ಟೆಯೇ ಖಾದಿ. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಅಧಿವೇಶನವು ತಿಂಗಳಿಗೆ 2,000 ಗಜ ನೂಲನ್ನು ಕಾಂಗ್ರೆಸ್ ಸದಸ್ಯತ್ವದ ಚಂದಾ ಎಂದು ಗೊತ್ತುಮಾಡಿ, ರಾಜಕೀಯವನ್ನು ಭಾಷಣದ ವೇದಿಕೆಯಿಂದ ಚರಕದ ಮುಂದಕ್ಕೆ ತಂದಿತು. ಮರುವರ್ಷವೇ ಈ ನಿಯಮ ಸಡಿಲಗೊಂಡರೂ, 1925ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಚರಕಾ ಸಂಘವು ಕೆಲಸವನ್ನು ಮುಂದುವರಿಸಿತು. 1927ರ ಫೆಬ್ರವರಿಯಲ್ಲಿ ಖಾದಿ ಪ್ರವಾಸದಲ್ಲಿದ್ದ ಗಾಂಧೀಜಿ ಕಲಬುರಗಿಗೂ ಬಂದರು.

ಗಸ್ತಿ, ಅಂದರೆ ಸರ್ಕಾರಿ ಸುತ್ತೋಲೆಗಳ ಮೂಲಕ ಸಾರ್ವಜನಿಕ ಸಭೆಗಳಿಗೆ ಅಂಕುಶ ಹಾಕಿದ್ದ ಸಂಸ್ಥಾನದಲ್ಲಿ ಖಾದಿಗೆ ವಿಶೇಷ ಬಲವಿತ್ತು: ಭಾಷಣಕ್ಕೆ ಅಪ್ಪಣೆ ಬೇಕಿತ್ತು, ನೂಲುವುದನ್ನೂ ಉಡುವುದನ್ನೂ ತಡೆಯುವುದು ಅಷ್ಟು ಸುಲಭವಿರಲಿಲ್ಲ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಸರ್ಕಾರ ಹುಟ್ಟುವ ಮೊದಲೇ ನಿಷೇಧಿಸಿದಾಗ, ಸಿಂದಗಿಯಲ್ಲಿ ಜನಿಸಿದ ಸ್ವಾಮಿ ರಮಾನಂದ ತೀರ್ಥರಂಥವರು ಸತ್ಯಾಗ್ರಹ ಹೂಡಿ ಸೆರೆಮನೆ ಸೇರಿದರು.

1947ರ ಜುಲೈ 22ರಂದು ಸಂವಿಧಾನ ಸಭೆಯ ಮುಂದೆ ನೆಹರೂ ಇಟ್ಟ ಎರಡು ರಾಷ್ಟ್ರಧ್ವಜಗಳಲ್ಲಿ ಒಂದು ರೇಷ್ಮೆ ಖಾದಿಯದು, ಇನ್ನೊಂದು ಹತ್ತಿ ಖಾದಿಯದು. ಅದೇ ಧ್ವಜವನ್ನು ಏರಿಸುವುದು ಭಾರತಕ್ಕೆ ಸೇರದೆ ಉಳಿದ ನಿಜಾಂ ಸೀಮೆಯಲ್ಲಿ ಅಪರಾಧವಾಯಿತು. ಆಗಸ್ಟ್ 15ರಂದು ರಮಾನಂದ ತೀರ್ಥರ ಬಂಧನವಾಯಿತು. 1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾಗುವವರೆಗೂ ಈ ಸ್ಥಿತಿ ಮುಂದುವರಿಯಿತು. ಹೀಗೆ ಬ್ರಿಟಿಷ್ ಗಿರಣಿಯ ವಿರುದ್ಧ ಹುಟ್ಟಿದ ಬಟ್ಟೆ, ಬ್ರಿಟಿಷರು ಹೋದ ಮೇಲೂ ಹದಿಮೂರು ತಿಂಗಳ ಕಾಲ ಇಲ್ಲಿ ಪ್ರತಿಭಟನೆಯ ಬಟ್ಟೆಯಾಗಿಯೇ ಉಳಿಯಿತು.