ಮರವೂ ಓಡಿತು ಅಂದ ಯಂತ್ರ: ಸ್ಪೀಡ್ ಗನ್ ನಡೆದು ಬಂದ ದಾರಿ

ಹೆದ್ದಾರಿ ಬದಿಯಲ್ಲಿ ಪೊಲೀಸ್ ಜೀಪು ನಿಂತಿರುತ್ತದೆ. ಕೆಲವು ದಿನ ಬಿಟ್ಟು ಮೊಬೈಲಿಗೆ ದಂಡದ ಮೆಸೇಜು ಬರುತ್ತದೆ. "ನಾನು ಅಷ್ಟು ಜೋರಾಗಿ ಹೋಗೇ ಇಲ್ಲ" ಅನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹಾಗಾದರೆ ಆ ಯಂತ್ರವನ್ನು ಎಷ್ಟು ನಂಬಬಹುದು? ಅದರ ಚರಿತ್ರೆ ನೋಡಿದರೆ ಉತ್ತರ ಸಿಗುತ್ತದೆ.

ಶುರುವಿನಲ್ಲಿ ಯಂತ್ರವೇ ಇರಲಿಲ್ಲ. 1896ರಲ್ಲಿ ಇಂಗ್ಲೆಂಡಿನ ಪ್ಯಾಡಕ್ ವುಡ್ ಎಂಬ ಊರಿನಲ್ಲಿ ವಾಲ್ಟರ್ ಅರ್ನಾಲ್ಡ್ ಎಂಬಾತ ಗಂಟೆಗೆ 2 ಮೈಲಿ ಮಿತಿಯಿದ್ದ ಕಡೆ 8 ಮೈಲಿ, ಅಂದರೆ ಸುಮಾರು 13 ಕಿ.ಮೀ. ವೇಗದಲ್ಲಿ ಮೋಟಾರು ಓಡಿಸಿದ. ಪೊಲೀಸ್ ಪೇದೆ ಸೈಕಲ್ಲಿನಲ್ಲೇ ಬೆನ್ನಟ್ಟಿ ಹಿಡಿದ! ದಂಡ ಒಂದು ಶಿಲ್ಲಿಂಗ್, ಜೊತೆಗೆ ಕೋರ್ಟು ಖರ್ಚು. ಆಮೇಲೆ ಅಲ್ಲಿನ ಪೊಲೀಸರು ರಸ್ತೆಯಲ್ಲಿ ಇಷ್ಟು ದೂರ ಎಂದು ಅಳೆದಿಟ್ಟು, ಬೇಲಿ ಮರೆಯಲ್ಲಿ ಗಡಿಯಾರ ಹಿಡಿದು ಕೂರತೊಡಗಿದರು.

ಯಂತ್ರದ ಹಿಂದಿನ ವಿಜ್ಞಾನ ಇನ್ನೂ ಹಳೆಯದು. ಹಾರ್ನ್ ಒತ್ತುತ್ತಾ ಬರುವ ಬಸ್ಸಿನ ಸದ್ದು ಹತ್ತಿರ ಬರುವಾಗ ಕೀಚಲು, ದಾಟಿ ಹೋದ ಮೇಲೆ ದಪ್ಪ. ಇದರ ಹಿಂದಿನ ತತ್ವವನ್ನು 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಮಂಡಿಸಿದರು. 1845ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಬೈಸ್ ಬ್ಯಾಲಟ್ ಎಂಬ ವಿಜ್ಞಾನಿ ರೈಲಿನಲ್ಲಿ ಕಹಳೆ ಊದಿಸಿ ಇದನ್ನು ಪರೀಕ್ಷಿಸಿದರು.

ಸದ್ದಿನ ಬದಲು ರೇಡಿಯೋ ಅಲೆ ಬಿಟ್ಟರೆ ಅದೇ ರೇಡಾರ್ ಗನ್. ಅಲೆ ಗಾಡಿಗೆ ಬಡಿದು ವಾಪಸು ಬರುವಾಗ ಎಷ್ಟು ಬದಲಾಗಿದೆ ಎಂದು ನೋಡಿ ವೇಗ ಹೇಳುತ್ತದೆ. ಅಮೆರಿಕದ ಜಾನ್ ಬಾರ್ಕರ್ ಮತ್ತು ಬೆನ್ ಮಿಡ್‌ಲಾಕ್ ಎರಡನೇ ಮಹಾಯುದ್ಧದ ಕಾಲದಲ್ಲಿ ಇದನ್ನು ಮಾಡಿದ್ದು ವಿಮಾನ ನೆಲಕ್ಕಿಳಿಯುವ ವೇಗ ಅಳೆಯಲು. 1947ರಲ್ಲಿ ಕನೆಕ್ಟಿಕಟ್ ರಾಜ್ಯದ ಗ್ಲಾಸ್ಟನ್‌ಬರಿಯಲ್ಲಿ ಅದು ರಸ್ತೆಗಿಳಿಯಿತು.

ಜನ ಮೂವತ್ತು ವರ್ಷ ಅದು ಹೇಳಿದ್ದನ್ನು ನಂಬಿದರು. 1979ರಲ್ಲಿ ಅಮೆರಿಕದ ಮಯಾಮಿಯ ಒಂದು ಟೀವಿ ವಾಹಿನಿ ಗನ್ನನ್ನು ಒಂದು ತಾಳೆ ಜಾತಿಯ ಮರದತ್ತ ಹಿಡಿದು ತೋರಿಸಿತು. ಬಂದ ವೇಗ ಗಂಟೆಗೆ 86 ಮೈಲಿ! ಒಂದು ಮನೆಯೂ 28 ಮೈಲಿ ವೇಗದಲ್ಲಿ ಓಡಿತು. ಪ್ರಕರಣ ಕೋರ್ಟಿಗೆ ಹೋಯಿತು. ತಜ್ಞರ ಸಾಕ್ಷ್ಯ ಕೇಳಿದ ನ್ಯಾಯಾಧೀಶ ಆಲ್ಫ್ರೆಡ್ ನೆಸ್ಬಿಟ್, ಸುಮಾರು 80 ಪ್ರಕರಣಗಳಲ್ಲಿ ರೇಡಾರಿನ ಸಾಕ್ಷ್ಯವನ್ನು ಒಪ್ಪಲಿಲ್ಲ. ಯಂತ್ರವನ್ನೂ ಪ್ರಶ್ನಿಸಬಹುದು ಎಂದು ಸಾಮಾನ್ಯ ಚಾಲಕರು ತೋರಿಸಿಕೊಟ್ಟರು.

ರೇಡಾರ್ ಅಲೆಗೊಂದು ಮಿತಿಯಿದೆ. ಟಾರ್ಚಿನ ಬೆಳಕಿನಂತೆ ದೂರ ಹೋದಷ್ಟೂ ಅಗಲವಾಗುತ್ತದೆ. ಹೀಗಾಗಿ ಬೈಕಿಗೆ ಹಿಡಿದರೂ ಹಿಂದಿನ ಲಾರಿಯ ವೇಗ ತೋರಿಸಬಹುದು.

ಆಮೇಲೆ ಬಂದ ಲೇಸರ್ ಗನ್ನಿನ ಕಿರಣ 300 ಮೀಟರ್ ದೂರದಲ್ಲೂ ಸುಮಾರು ಒಂದು ಮೀಟರ್ ಅಗಲವಷ್ಟೇ. ಅದು ಕಣ್ಣಿಗೆ ಕಾಣದ ಬೆಳಕನ್ನು ಮಿಣುಕು ಮಿಣುಕಾಗಿ ಬಿಟ್ಟು, ಪ್ರತಿ ಮಿಣುಕು ಹೋಗಿಬರುವ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದೆ. ದೂರ ಎಷ್ಟು ಬೇಗ ಕಡಿಮೆಯಾಯಿತೋ ಅದೇ ಗಾಡಿಯ ವೇಗ. ಗನ್ನನ್ನು ರಸ್ತೆಯ ಪಕ್ಕದಿಂದ ಓರೆಯಾಗಿ ಹಿಡಿದರೆ ಸಾಮಾನ್ಯವಾಗಿ ವೇಗ ತುಸು ಕಡಿಮೆಯೇ ಕಾಣುತ್ತದೆ. ಆ ಲಾಭ ಚಾಲಕನಿಗೆ.

ಈಗ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾಗಳೇ ಗಾಡಿಯ ನಂಬರ್ ಓದುತ್ತವೆ. ಇಂಥ ಸಾಧನಕ್ಕೆ ವರ್ಷವರ್ಷ ನವೀಕರಿಸುವ ಅನುಮೋದನೆ ಪತ್ರ ಇರಬೇಕು, ದಂಡದ ಚೀಟಿಯ ಜೊತೆ ಫೋಟೋ, ಅಳೆದ ವೇಗ, ದಿನ, ಹೊತ್ತು, ಜಾಗ ಇರಬೇಕು ಎಂದು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿತು. ಮೆಸೇಜು ಬಂದರೆ ಇವನ್ನು ನೋಡಿ. ತಪ್ಪಿದ್ದರೆ ಧೈರ್ಯವಾಗಿ ಕೇಳಿ.

ಆದರೆ ಲೆಕ್ಕ ಸರಿಯಿದ್ದರೆ ಒಂದು ಮಾತು. 100 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಹೆದ್ದಾರಿ ದಾಟಲು ನಿಂತಿರುವವರು ನಮ್ಮ ಊರಿನವರೇ.